ಒಂದು ಗಳಿಗೆಯ ಒಡೆತನ

ಫೋನು ಮೇಜಿನ ಮೇಲೆ ಗುಂಯ್ ಎಂದು ಸುಮ್ಮನಾಯಿತು. ನಡುರಾತ್ರಿ ಕಳೆದಿತ್ತು. ಅವಳು ಎಚ್ಚರವಾಗಿಯೇ ಇದ್ದಳು.

"ಯಾರು?" ಎಂದ ಗಂಡ.

"ಬ್ಯಾಂಕಿಂದು."

"ದುಡ್ಡು ಹಾಕ್ತಾರಂತಾ?"

"ಬೆಳಿಗ್ಗೆ ಗೋದಾಮು ನೋಡ್ಕೊಂಡು ಬರಬೇಕಂತೆ."

ಅವನು ಮುಚ್ಚಿಹೋದ ತಂತಿ ಕಾರ್ಖಾನೆಯ ಫೋರ್‌ಮನ್. ಅವಳು ಕೆಲಸ ಮಾಡುವ ಬ್ಯಾಂಕಿನ ಮೂಲಕ ಹೊರದೇಶದ ಹೂಡಿಕೆ ಬಂದರೆ ಕಾರ್ಖಾನೆಯ ಬಾಗಿಲು ತೆರೆಯುತ್ತಿತ್ತು. ಹಣದುಬ್ಬರ, ತೆರಿಗೆ, ವಿದ್ಯುತ್ತು, ರಸ್ತೆ ಎಲ್ಲವನ್ನೂ ಅಳೆದು ತೂಗಿ ಅವಳು ವರದಿ ಬರೆದಿದ್ದಳು. ಕಚೇರಿಯಲ್ಲಿ ಅವಳಿಗೆ 'ತಕ್ಕಡಿ' ಎಂದೇ ಅಡ್ಡಹೆಸರು. ಹೂಡಿಕೆದಾರರು ಕೇಳಿದ್ದು ಮಾತ್ರ ಬೇರೆ: ನಿಮ್ಮ ಬ್ಯಾಂಕು ಮಾರುವ ತಾಮ್ರ, ಮಾರುವ ಮುಂಚೆ ಒಂದು ಗಳಿಗೆಯಾದರೂ ನಿಮ್ಮದಾಗಿರುತ್ತದೆಯೇ?

ಇಸ್ಲಾಂ ಧರ್ಮದ ಪ್ರಕಾರ ಅದು ಸರಿಯಾದ ಪ್ರಶ್ನೆ. ಬಡ್ಡಿ ನಿಷಿದ್ಧ, ವ್ಯಾಪಾರ ಸಲ್ಲುತ್ತದೆ. ಆದ್ದರಿಂದ ಅವಳ ಬ್ಯಾಂಕು ಬಡ್ಡಿಗೆ ಸಾಲ ಕೊಡದು. ತಾಮ್ರದಂಥ ಸರಕು ಕೊಂಡು, ಹಣ ಬೇಕಾದವರಿಗೆ ತನ್ನ ಲಾಭ ಇಷ್ಟೆಂದು ಹೇಳಿ ಕಂತಿನ ಮೇಲೆ ಮಾರುತ್ತದೆ. ತನ್ನದಲ್ಲದ್ದನ್ನು ಮಾರಿದರೆ ಆ ಲಾಭವೂ ಬಡ್ಡಿಯೇ.

ಬೆಳಿಗ್ಗೆ ಗೋದಾಮಿನವನು ಬೀಗ ತೆಗೆಯುತ್ತ ನಕ್ಕ. "ಬ್ಯಾಂಕಿನವ್ರು ಇಲ್ಲಿಗೆ ಬಂದಿದ್ದು ಇದೇ ಮೊದಲು ಮೇಡಂ. ದಾರಿ ತಪ್ಪಲಿಲ್ಲ ತಾನೆ?"

"ತಾಮ್ರ ಎಲ್ಲಿ?"

"ಅಲ್ಲೇ, ಹಳದಿ ಗೆರೆ ಒಳಗೆ."

ಗೆರೆಯೊಳಗೆ ಬರಿಯ ನೆಲವಿತ್ತು.

"ಏನೂ ಇಲ್ವಲ್ಲ."

"ಸಾಗಿಸಿ ಬಹಳ ದಿನ ಆಯ್ತು. ನೀವು ನಿನ್ನೆನೂ ಅದನ್ನೇ ಮಾರಿದ್ರಂತಲ್ಲ?"

"ಯಾರು ಸಾಗಿಸಿದ್ದು?"

"ಅದನ್ನೆಲ್ಲ ನಾನು ಕೇಳೋಕೆ ಹೋಗಲ್ಲ ಮೇಡಂ. ನೀವೂ ಕೇಳ್ಬೇಡಿ. ಆರಾಮಾಗಿರ್ತೀರಿ."

ಅಷ್ಟರಲ್ಲಿ ಗಂಡನ ಫೋನು.

"ಸರಕು ಇದ್ಯಾ?"

"ಗೋದಾಮಲ್ಲೇ ಇದೀನಿ ರೀ."

"ಯೂನಿಫಾರ್ಮ್ ಒಗೆದು ಹಾಕಿದೀನಿ. ಬಿಸಿಲು ಚೆನ್ನಾಗಿದೆ."

ಅವನು ಇನ್ನೇನೋ ಕೇಳುವ ಮುಂಚೆ ಅವಳು ಫೋನಿಟ್ಟಳು. ನಿಂತಲ್ಲೇ ಬ್ಯಾಂಕಿಗೆ ಬರೆದಳು: ಸರಕು ಕಣ್ಣಾರೆ ನೋಡಿದೆ. ಎಂದಿನ ವರದಿಯಷ್ಟೇ ಸಲೀಸಾಗಿ ಬರೆದು ಮುಗಿಸಿದಳು. ಹೆದರಿಕೆಯಾದದ್ದು ಆಗಲೇ.

ಯಾರಿಗೂ ಹೇಳುವುದು ಬೇಡ ಎಂದುಕೊಂಡಳು. ಗಂಡನಿಗಂತೂ ಬೇಡವೇ ಬೇಡ.

ಬಾಗಿಲಿಗೆ ನೇರ ದಾರಿ ಆ ಗೆರೆಯ ನಡುವಿನಿಂದಲೇ ಇತ್ತು. ಗೋದಾಮಿನವನು ರೂಢಿಯಂತೆ ಗೆರೆಯ ಆಚೆಯಿಂದ ಬಳಸಿಕೊಂಡು ಹೋದ. ಅವಳು ಕ್ಷಣಕಾಲ ನಿಂತಳು. ಆಮೇಲೆ, ತಾಮ್ರಕ್ಕೆ ಎಲ್ಲಿ ತಾಗೀತೋ ಎಂಬಂತೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ಬಳಸಿಕೊಂಡೇ ನಡೆದಳು.