ಒಂದೇ ಕಣ್ಣಿನ ನೀರು

ಮೈದುನನ ಗಲ್ಲ ಹಿಡಿದು ಅವನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು ಅವಳು. ಗಂಡನ ಹೆಣ ನಡುಮನೆಯಲ್ಲಿತ್ತು. ಅಣ್ಣ ಹೋದನೆಂದು ಪಾಪ, ತಮ್ಮ ಎಷ್ಟು ಅಳುತ್ತಿದ್ದಾನೆ ಎಂದು ಬಂದವರೆಲ್ಲ ಲೊಚಗುಟ್ಟುತ್ತಿದ್ದರು. ಅಳುವವನಿಗೆ ಎರಡೂ ಕಣ್ಣಲ್ಲಿ ನೀರು ಬರಬೇಕಲ್ಲ! ಇವನಿಗೆ ಬಲಗಣ್ಣಲ್ಲಿ ಮಾತ್ರ ಧಾರಾಕಾರ.

"ಯಾವಾಗ ಬಿತ್ತು?"

"ನಿನ್ನೆ, ಗ್ರೈಂಡಿಂಗ್ ಮಾಡುವಾಗ. ಚೂರು ಪುಡಿ ಅಷ್ಟೇ ಅತ್ತಿಗೆ. ಅಣ್ಣ ಗಟ್ಟಿಯಾಗಿದ್ದಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ತೆಗೀತಿದ್ದ."

ನಿಜ. ಅಣ್ಣ ತಮ್ಮ ಇಬ್ಬರೂ ದುಡಿಯುತ್ತಿದ್ದ ಶೆಡ್ಡಿನಲ್ಲಿ ಯಾರ ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದರೂ ಸ್ಟೂಲಿನ ಮೇಲೆ ಕೂತು ಅವಳ ಗಂಡನಿಗೆ ಮುಖವೊಡ್ಡುತ್ತಿದ್ದರು. ಆತ ಕಾಗದದ ಮೂಲೆಯನ್ನು ಚೂಪಾಗಿ ಮಡಚಿ, ರೆಪ್ಪೆ ಎತ್ತಿ, ಪುಡಿ ತೆಗೆಯುತ್ತಿದ್ದ. ಅದನ್ನೆಲ್ಲ ಮಾಡುತ್ತಿದ್ದುದು ತನಗೆ ಉಳಿದಿದ್ದ ಒಂದೇ ಕಣ್ಣಿನಿಂದ.

*

ಇನ್ನೊಂದು ಕಣ್ಣು ಹೋದದ್ದೂ ಅದೇ ಸ್ಟೂಲಿನ ಮೇಲೆ. ಬೆವರಿಗೆ ಮಂಜಾಗುತ್ತದೆಂದು ಕನ್ನಡಕವನ್ನು ಹಣೆಗೇರಿಸಿ ಗ್ರೈಂಡರ್ ಹಿಡಿದಿದ್ದ. ಪುಡಿ ತೆಗೆದ ಜೊತೆಗಾರ, ಬಂತು, ಇನ್ನು ಹೋಗು ಎಂದಿದ್ದ. ಬಂದಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ಇವಳು ಅಂಗಲಾಚಿದರೆ, ಇಷ್ಟಕ್ಕೆಲ್ಲ ರಜೆ ಹಾಕಿದರೆ ಶೆಡ್ಡಿನವರು ನಗುತ್ತಾರೆ ಎಂದು ಮಗ್ಗುಲು ಬದಲಿಸಿ ಮಲಗಿದ. ಕೆಲವೇ ದಿನಗಳಲ್ಲಿ ಕರಿಗುಡ್ಡೆ ಬೆಳ್ಳಗಾಯಿತು. ಆಮೇಲೆ ನೀರಿನ ಲೋಟಕ್ಕೆ ಚಾಚಿದ ಕೈಗೂ ದೂರದ ಅಂದಾಜು ತಪ್ಪುತ್ತಿತ್ತು, ಇವಳೇ ಹಿಡಿದು ಮುಟ್ಟಿಸುತ್ತಿದ್ದಳು. ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ. ಸತ್ತವನ ಮೇಲೂ ಸಿಟ್ಟೇ.

*

ಹೆಣ ಸಾಗಿಸುವ ವ್ಯಾನು ಬಂದು ನಿಂತಿತು. ಅಂದು ಪುಡಿ ತೆಗೆದಿದ್ದ ಆ ಜೊತೆಗಾರನೇ ಈಗ ಶೆಡ್ಡಿನ ಮೇಸ್ತ್ರಿ. ಅವನು ಜೇಬಿನಿಂದ ಬಸ್ ಟಿಕೆಟ್ ತೆಗೆದು, ಮೂಲೆ ಮಡಚುತ್ತ, ಮೈದುನನನ್ನು ಬೆಳಕಿಗೆ ಕರೆದ. ಅವಳು ಎದ್ದು ಹೋಗಿ ಮೇಸ್ತ್ರಿಯ ಕೈ ಹಿಡಿದಳು.

"ಬಿಡಿ. ಇವನು ಆಸ್ಪತ್ರೆಗೆ ಹೋಗ್ತಾನೆ. ಈಗಲೇ."

ಹಿರಿಯರು ಒಬ್ಬೊಬ್ಬರಾಗಿ ಬುದ್ಧಿ ಹೇಳಿದರು. ಹೊತ್ತಾಯಿತು, ಮೊದಲು ಇದು ಮುಗಿಯಲಿ, ಸಂಜೆ ತೋರಿಸಿದರಾಯಿತು, ಜನ ಏನೆಂದುಕೊಂಡಾರು. ಮೈದುನನೂ ಹೌದೆಂದು ತಲೆಯಾಡಿಸಿದ.

"ನಿಮ್ಮಣ್ಣಂಗೆ ಇನ್ನೇನು ಅವಸರ?" ಎಂದಳು. "ನೀನು ಬರೋತನಕ ಎತ್ತೋಕೆ ಬಿಡಲ್ಲ, ಹೋಗು."

ಬಾಗಿಲಿಗೆ ಅಡ್ಡ ಕೂತೇಬಿಟ್ಟಳು. ವ್ಯಾನಿನವನು ಎಂಜಿನ್ ಆರಿಸಿದ. ಬಂದವರು ಗೊಣಗುತ್ತ ನೆರಳು ಹುಡುಕಿಕೊಂಡರು.

ಬಿಸಿಲು ಇಳಿಯುವಾಗ ಮೈದುನ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಪುಡಿ ಗುಡ್ಡೆಗೇ ಕಚ್ಚಿಕೊಂಡಿತ್ತಂತೆ. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು, ಈಗ ಕಣ್ಣು ಉಳಿಯುತ್ತದೆ ಎಂದರಂತೆ ಡಾಕ್ಟರು. ಅವಳು ಬಾಗಿಲು ಬಿಟ್ಟು ಎದ್ದಳು.

ಸ್ಟ್ರೆಚರ್ ಎತ್ತಲು ನಾಲ್ವರು ಬಗ್ಗಿದರು. ಮೈದುನ ತನ್ನ ಕಡೆಯ ಹಿಡಿಗೆ ಕೈ ಚಾಚಿದ. ಕೈ ಗೇಣು ಈಚೆಗೇ ಬರೀ ಗಾಳಿಯನ್ನು ಹಿಡಿಯಿತು. ಅವಳು, ಎಷ್ಟೋ ವರ್ಷಗಳ ರೂಢಿಯಲ್ಲಿ, ಅವನ ಮುಖವನ್ನೂ ನೋಡದೆ ಮಣಿಕಟ್ಟು ಹಿಡಿದು, ಮುಂದಕ್ಕೆ ಸರಿಸಿ, ಹಿಡಿಯ ಮೇಲಿಟ್ಟಳು.