ಮೇಜಿನ ನಡುವಿನ ದನಿಪೆಟ್ಟಿಗೆ

ನಾನು ಒಂದು ಸ್ಪೀಕರ್. ಮದುವೆಮನೆಯಲ್ಲಿ ಹಾಡು ಹಾಕುವ ಸ್ಪೀಕರ್ ಅಲ್ಲ, ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ಮೇಜಿನ ನಡುವೆ ಇಡುವಂಥದ್ದು. ಜೋಳದ ರೊಟ್ಟಿಯಷ್ಟು ಅಗಲ, ಮೈಯೆಲ್ಲ ಕಪ್ಪು. ಅಂಚಿನಲ್ಲಿರುವ ಮೂರು ಮೈಕುಗಳು ನನ್ನ ಕಿವಿ. ನಡುವಿನ ಜಾಲರಿಯ ಹಿಂದೆ ಇರುವುದು ಬಾಯಿ. ಮೇಜಿನ ಸುತ್ತ ಕೂತವರ ಮಾತನ್ನು ದೂರದವರಿಗೆ ಮುಟ್ಟಿಸುವುದು, ದೂರದವರ ಮಾತನ್ನು ತಂದು ಮೇಜಿಗೆ ಬಡಿಸುವುದು, ಇದೇ ನನ್ನ ಕಸುಬು.

ನಾನು ಹುಟ್ಟಿದ್ದು ಮೈಸೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಪರೀಕ್ಷೆ ಮಾಡಿದಾಕೆಯ ಹೆಸರು ಚಿಕ್ಕತಾಯಿ. ನನಗೆ ತಂತಿ ಸಿಕ್ಕಿಸಿ, ಪಕ್ಕದ ಕೋಣೆಯಲ್ಲಿದ್ದ ಗೆಳತಿಯನ್ನು ಕೇಳಿದಳು: "ಕೇಳುಸ್ತಾ ಐತೇನೇ?"

"ಚೆನ್ನಾಗ್ ಕೇಳುಸ್ತೈತೆ. ಊಟದ ಗಂಟೆ ಆಯ್ತು, ಏಳು ಮೇಲಕ್ಕೆ."

ನನ್ನ ಬಾಯಿಂದ ಹೊರಟ ಮೊದಲ ಮಾತು ಅದು. ಚಿಕ್ಕತಾಯಿ ನಗುತ್ತ ಪಾಸಾದ ಗುರುತಿಗೆ ನನ್ನ ಬೆನ್ನಿಗೆ ಒಂದು ಹಸಿರು ಚೀಟಿ ಅಂಟಿಸಿ ಎದ್ದು ಹೋದಳು. ಲೋಕಕ್ಕೆ ಬಂದ ದಿನವೇ ಒಬ್ಬರನ್ನು ನಗಿಸಿದೆನಲ್ಲ ಎಂಬ ಸಂತೋಷ ನನಗೆ.

ಮೊದಲು ನಾನು ಸೇರಿದ್ದು ಹುಬ್ಬಳ್ಳಿಯ ಒಂದು ನೀರಿನ ಪಂಪಿನ ಕಂಪನಿಯನ್ನು. ಅಲ್ಲಿನ ಮೇಜು ಉದ್ದ, ಯಜಮಾನರ ಮಾತು ಅದಕ್ಕಿಂತ ಉದ್ದ. ಸೋಮವಾರ ಬೆಳಿಗ್ಗೆ ಜಿಲ್ಲೆ ಜಿಲ್ಲೆಗಳಲ್ಲಿದ್ದ ಮಾರಾಟದ ಹುಡುಗರೆಲ್ಲ ನನ್ನೊಳಗೆ ಬಂದು ಸಾಲಾಗಿ ನಿಲ್ಲುತ್ತಿದ್ದರು. ಯಜಮಾನರು ಹೇಳುವುದನ್ನು ಹೇಳಿ, ಉತ್ತರ ಬರುವ ಮೊದಲೇ ನನ್ನ ನೆತ್ತಿಯ ಗುಂಡಿ ಒತ್ತಿ ಎದ್ದುಬಿಡುತ್ತಿದ್ದರು. ಕೊನೆಗೊಂದು ದಿನ ಅವರು ಗೋಡೆಯಗಲದ ವಿಡಿಯೊ ಪರದೆ ತರಿಸಿದರು. ನನ್ನನ್ನು ಹಳೆಯ ಸಾಮಾನಿನ ಅಂಗಡಿಗೆ ಕಳಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಳಿಸದಿದ್ದರೆ ಶೈಲಜಾ ಮೇಡಂ ಕೈಗೆ ನಾನು ಸಿಗುತ್ತಿರಲಿಲ್ಲ.

ಶೈಲಜಾ ಬೆಟಗೇರಿಯವರದು ಧಾರವಾಡದಲ್ಲಿ ಎರಡು ಕೋಣೆಯ ಆಫೀಸು. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪುಸ್ತಕಗಳನ್ನು ಓದಿ, ದನಿ ಮುದ್ರಿಸಿ, ಪೆನ್‌ಡ್ರೈವಿನಲ್ಲಿ ತುಂಬಿ ಶಾಲೆಗಳಿಗೆ ಕಳಿಸುವುದು ಅವರ ತಂಡದ ಕೆಲಸ. ಕೆಲವರು ಆಫೀಸಿಗೆ ಬರುತ್ತಿದ್ದರು. ಅವರಲ್ಲಿ ಹಿರಿಯರು ವೀರಣ್ಣ. ಇನ್ನಿಬ್ಬರು ತಮ್ಮ ತಮ್ಮ ಊರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ವಿಜಯಪುರದ ಮೆಹಬೂಬ್ ನದಾಫ್ ಪಾಠ ಓದುವವರು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಪಾಳಿಯ ಕೆಲಸ. ಪುಟ್ಟ ಮಗಳನ್ನು ನೋಡಿಕೊಳ್ಳಲು ಇವರು ಮನೆಯಲ್ಲೇ ಇರಬೇಕಿತ್ತು. ಕಾರವಾರದ ಡೆಲ್ಫಿನ್ ಬಾಯಿ ನಿವೃತ್ತ ಟೀಚರು, ಓದಿದ್ದನ್ನು ಕೇಳಿ ತಪ್ಪು ಹಿಡಿಯುವವರು. ಇವರಿಬ್ಬರಿಗೂ ಧಾರವಾಡದ ಆ ಕೋಣೆಯಲ್ಲಿ ಇದ್ದ ಜಾಗ ಎಂದರೆ ನಾನೊಬ್ಬನೇ.

ಮೇಡಂ ಒಳ್ಳೆಯವರು. ದಿನಾ ಬೆಳಿಗ್ಗೆ "ಎಲ್ಲಾರೂ ಅದೀರೇನು?" ಎಂದು ಕೇಳಿಯೇ ಮಾತು ಶುರು ಮಾಡುತ್ತಿದ್ದರು. ಆದರೆ ಶುರುವಾದ ಮೇಲೆ ಆಫೀಸಿನವರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಿದ್ದರು. ಮೆಹಬೂಬ್ "ಮೇಡಂ, ಒಂದ್ ಮಾತು..." ಎನ್ನುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತಿತ್ತು. ನಾನು ಇದ್ದಷ್ಟು ಶಕ್ತಿಯಲ್ಲಿ ಅವರ ದನಿಯನ್ನು ಹೊರಗೆ ತಳ್ಳುತ್ತಿದ್ದೆ. ಕಿಟಕಿಯಾಚೆ ಒಂದು ಟಂಟಂ ಆಟೊ ಹೋದರೆ ಅದೂ ಮುಳುಗುತ್ತಿತ್ತು. ಮೀಟಿಂಗ್ ಮುಗಿದ ಮೇಲೆ ಆಫೀಸಿನವರೆಲ್ಲ ಮೂಲೆಯ ಅಂಗಡಿಗೆ ಚಹಾಕ್ಕೆ ಹೋಗುತ್ತಿದ್ದರು. ಅರ್ಧ ಕೆಲಸ ಅಲ್ಲೇ ತೀರ್ಮಾನವಾಗುತ್ತಿತ್ತು.

ಆ ವರ್ಷ ಹತ್ತನೇ ತರಗತಿಯ ಪುಸ್ತಕಗಳ ಕೆಲಸ. ಶಾಲೆ ಶುರುವಾಗುವ ಮೊದಲು ಎಲ್ಲ ಮುಗಿಯಬೇಕು. ಪಾಠವನ್ನು ಇನ್ನಷ್ಟು ನಿಧಾನವಾಗಿ ಓದಬೇಕು, ಕೊನೆಯ ಪ್ರಶ್ನೆಗಳನ್ನು ಬೇರೆ ದನಿಯಲ್ಲಿ ಓದಿಸಬೇಕು, ಪ್ರತಿ ಪ್ರಶ್ನೆಯ ನಂತರ ಮಕ್ಕಳು ಯೋಚಿಸಲು ಸ್ವಲ್ಪ ಬಿಡುವು ಕೊಡಬೇಕು ಎಂದು ಚಹಾದ ಅಂಗಡಿಯಲ್ಲಿ ನಿರ್ಧಾರವಾಯಿತು. ಒಳ್ಳೆಯ ನಿರ್ಧಾರವೇ. ಆದರೆ ಅದನ್ನು ಮೆಹಬೂಬ್‌ಗೆ ಹೇಳಲು ಎಲ್ಲರೂ ಮರೆತರು. ಅವರು ಸಮಾಜ ವಿಜ್ಞಾನದ ಇಡೀ ಪುಸ್ತಕವನ್ನು ಹಳೆಯ ಕ್ರಮದಲ್ಲೇ ಓದಿ ಕಳಿಸಿದ್ದರು.

"ಅಯ್ಯ, ಇದನ್ನೆಲ್ಲಾ ಮತ್ತ ಮಾಡಬೇಕಲ್ರೀ!" ಎಂದರು ವೀರಣ್ಣ.

"ನನಗ ಯಾರೂ ಹೇಳಲೇ ಇಲ್ಲಲ್ರೀ," ಎಂದರು ಮೆಹಬೂಬ್.

"ಹೇಳೇವಿ ಅಂತ ತಿಳ್ಕೊಂಡಿದ್ವಿ."

"ಸರಿ ಬಿಡ್ರಿ."

ಆ "ಸರಿ ಬಿಡ್ರಿ" ನನ್ನ ಬಾಯಿಂದಲೇ ಹೊರಟದ್ದು. ಎಷ್ಟು ಭಾರವಾಗಿತ್ತು ಎಂಬುದು ನನಗೆ ಗೊತ್ತು. ಅಂದಿನಿಂದ ಮೆಹಬೂಬ್ ಯಾರಾದರೂ ಕೇಳಿದರೆ ಮಾತ್ರ ಮಾತಾಡಿದರು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದೂ ತಿಳಿಸಿದರು. ಮನೆಯ ತೊಂದರೆ ಎಂದು ಕಾರಣ ಕೊಟ್ಟರು. ಮೇಡಂಗೆ ಏನೂ ತಿಳಿಯಲಿಲ್ಲ. ನೆಟ್‌ವರ್ಕ್ ಸರಿ ಇಲ್ಲದೆ ಬೇಸರವಾಗಿರಬೇಕೆಂದುಕೊಂಡು ಅವರ ಮನೆಗೊಂದು ಹೊಸ ಮೋಡೆಮ್ ಕಳಿಸಿಕೊಟ್ಟರು. ಪಾಪ, ಪ್ರೀತಿಯಿಂದಲೇ ಕಳಿಸಿದರು.

ಅಷ್ಟರಲ್ಲಿ ಮೇಡಂ ಜುಬಿಲಿ ಸರ್ಕಲ್ ಹತ್ತಿರ ಸ್ಕೂಟರಿನಿಂದ ಜಾರಿ ಬಿದ್ದರು. ಕಾಲು ಮುರಿಯಿತು. ಅವರ ಮನೆಯೋ ಎರಡನೇ ಮಹಡಿಯಲ್ಲಿ, ನೋಡಿಕೊಳ್ಳುವವರಿಲ್ಲ. ಅಣ್ಣ ಬಂದು ಬಾಗಲಕೋಟೆಗೆ ಕರೆದುಕೊಂಡು ಹೋದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಲ್ಲಿಂದಲೇ ಅವರು ಮೀಟಿಂಗ್ ನಡೆಸತೊಡಗಿದರು.

ಈಗ ಮೇಡಂ ದನಿಯೂ ನನ್ನೊಳಗಿಂದ ಬರತೊಡಗಿತು. ಕುರ್ಚಿಯಲ್ಲಿ ಕೂತಾಗ ಅವರ ದನಿ ಕೋಣೆಯನ್ನೆಲ್ಲ ತುಂಬುತ್ತಿತ್ತು. ನನ್ನೊಳಗೆ ಬಂದಾಗ ಅದು ಇನ್ನಿಬ್ಬರ ದನಿಯಷ್ಟೇ ಸಣ್ಣದಾಯಿತು. ಒಂದು ದಿನ ಯಾರೋ ಗಿರ್ಮಿಟ್ಟು, ಮಿರ್ಚಿ ಭಜಿ ತಂದು ನನ್ನ ಮಗ್ಗುಲಿಗೇ ಇಟ್ಟರು. ಕಾಗದದ ಸರಬರ, ಮೆಣಸಿನಕಾಯಿ ಕಡಿಯುವ ಸದ್ದು, ಹಾ ಹೂ ಎಂಬ ಖಾರದ ಉಸಿರು, ಎಲ್ಲವೂ ನನ್ನ ಕಿವಿಗೆ ನುಗ್ಗಿ ಬಾಗಲಕೋಟೆಗೆ ಹೋಯಿತು. ನಡುವೆ ವೀರಣ್ಣ ಏನೋ ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು.

"ಏನಾತ್ರೀ? ನನಗೂ ಹೇಳ್ರಿ," ಎಂದರು ಮೇಡಂ.

"ಏನಿಲ್ರಿ ಮೇಡಂ, ಹಂಗ ಸುಮ್ಮನ."

"ಗಣಿತದ ಪುಸ್ತಕ ಎಲ್ಲಿಗೆ ಬಂತು?"

ಯಾರಿಗೂ ಕೇಳಿಸಲಿಲ್ಲ. ಮೇಡಂ ಮತ್ತೊಮ್ಮೆ ಕೇಳಿದರು. ಅಷ್ಟರಲ್ಲಿ ಕುರ್ಚಿಗಳು ಸರಿದವು. ಇವತ್ತಿನ ಮೀಟಿಂಗ್ ಮುಗಿಯಿತೆಂದುಕೊಂಡು ಎಲ್ಲರೂ ಚಹಾಕ್ಕೆ ಎದ್ದರು. ನನ್ನ ಗುಂಡಿ ಒತ್ತುವುದನ್ನು ಮರೆತರು.

ಕೋಣೆ ಖಾಲಿಯಾಯಿತು. ಕಾರವಾರದ ಲೈನೂ ಕಟ್ಟಾಯಿತು. ಫ್ಯಾನ್ ಮಾತ್ರ ತಿರುಗುತ್ತಿತ್ತು.

"ಹಲೋ? ವೀರಣ್ಣಾರ?" ಎಂದರು ಮೇಡಂ.

"ಅವರು ಹೋದ್ರಿ ಮೇಡಂ," ಎಂದಿತು ಇನ್ನೊಂದು ದನಿ. ಮೆಹಬೂಬ್.

"ನೀವಿನ್ನೂ ಅದೀರೇನು? ಎಲ್ಲಿ ಹೋದ್ರು ಎಲ್ಲಾರೂ?"

"ಚಹಾಕ್ಕ ಹೋಗಿರ್ತಾರ್ರಿ. ದಿನಾ ಹಿಂಗ ಆಗ್ತದ."

ಬಾಗಲಕೋಟೆಯ ಮನೆಯ ಕುಕ್ಕರ್ ಸೀಟಿ ಹೊಡೆದದ್ದು ನನಗೆ ಕೇಳಿಸಿತು.

"ಮೆಹಬೂಬ್, ನೀವು ಕೆಲಸ ಬಿಡೂದು ಮನೀ ತೊಂದರೆಯಿಂದ ಅಲ್ಲ, ಹೌದಿಲ್ಲೋ?"

"ಮನ್ಯಾಗ ಏನೂ ತೊಂದರೆ ಇಲ್ರಿ. ಆಫೀಸಿನಾಗ ನಾ ಇದ್ದೂ ಇಲ್ಲದಂಗ ಆಗೇದ. ಅದಕ್ಕ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆರಿ. ಎರಡ್ ಮೂರು ಸಲ. ಕೇಳಿಸಿರಲಿಕ್ಕಿಲ್ಲ."

ಖಾಲಿ ಕೋಣೆಯಲ್ಲಿ, ಭಜಿಯ ಖಾಲಿ ಕಾಗದಗಳ ನಡುವೆ, ಎರಡು ದೂರದ ಊರುಗಳು ನನ್ನೊಳಗೆ ಮಾತಾಡುತ್ತಿದ್ದವು. ಮೇಡಂ ದನಿ ತಗ್ಗಿತು. "ನಾ ಅದೇ ಕೋಣ್ಯಾಗ ಕೂತಿದ್ದೆ. ನಿಮ್ಮ ದನಿ ನನ್ನ ಮುಂದ ಇತ್ತು. ನನಗ ಕೇಳಿಸಲಿಲ್ಲ ಅಂದ್ರ ಅದು ನನ್ನ ತಪ್ಪು. ನಾ ಧಾರವಾಡಕ್ಕ ಬರೂತನಕಾ ಒಂದೀಟು ತಡೀರಿ. ಆಮೇಲೂ ಹೋಗಬೇಕು ಅನಿಸಿದ್ರ ನಾ ಬ್ಯಾಡ ಅನ್ನೂದಿಲ್ಲ."

"ಕಾಲು ಹೆಂಗದ ಮೇಡಂ?" ಎಂದರು ಮೆಹಬೂಬ್. ಅವರು ತಡೆಯುತ್ತಾರೆಂದು ನನಗೆ ಆಗಲೇ ಗೊತ್ತಾಯಿತು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೋಲೂರುತ್ತ ಬಂದ ಮೇಡಂ ಮೊದಲ ದಿನವೇ ನನ್ನನ್ನು ಮೇಜಿನ ತುದಿಯಲ್ಲಿ, ತಮ್ಮ ಕುರ್ಚಿಯ ಎದುರಿಗೆ ಇಟ್ಟುಕೊಂಡರು. ಬಾಗಲಕೋಟೆಯಲ್ಲಿ ತಮಗೆ ಏನೇನು ಕೇಳಿಸಿತು, ಏನೇನು ಕೇಳಿಸಲಿಲ್ಲ ಎಂಬುದನ್ನು ಯಾರನ್ನೂ ಬಯ್ಯದೆ ಹೇಳಿದರು. ಮಿರ್ಚಿ ಭಜಿಯ ಸದ್ದಿನವರೆಗೂ ಹೇಳಿದರು. "ಇನ್ನ ಮ್ಯಾಲೆ ಮನ್ಯಾಗಿದ್ದವರು ಮೊದಲು ಮಾತಾಡ್ಲಿ. ಚಹಾದ ಅಂಗಡ್ಯಾಗ ಏನ ಮಾತಾಡಿದ್ರೂ ಅದು ಈ ಮೇಜಿಗೆ ಬಂದ ಮ್ಯಾಲೇ ಖರೆ."

ವೀರಣ್ಣನವರ ಮುಖ ಕೆಂಪಾಯಿತು. "ಮೇಡಂ, ನಾವೂ ಒಂದ್ ಮಾತು ಹೇಳ್ತೀವಿ. ಸಾಲಿಯವರ ಫೋನು ಬಂದ್ರ ನಾವ ಎತ್ತಬೇಕು. ಕರೆಂಟ್ ಹೋದ್ರ ನಾವ ಓಡಬೇಕು. ಡಬ್ಬಿ ಕಟ್ಟೂದು, ಪೋಸ್ಟಿಗೆ ಒಯ್ಯೂದು ಎಲ್ಲಾ ನಾವ. ಇದು ಅವರಿಗೆ ಕಾಣಸ್ತದೇನು?"

ಮೇಡಂ ಬಾಯಿ ತೆರೆದವರು ತಡೆದುಕೊಂಡರು. ನನ್ನ ಕಡೆ ನೋಡಿದರು. ನನ್ನಿಂದ ಮೆಹಬೂಬ್ ದನಿ ಬಂತು.

"ವೀರಣ್ಣಾರ, ಖರೇನ ಇದು ನಮಗ ಗೊತ್ತಿರಲಿಲ್ರಿ. ಸಾಲಿ ಫೋನು ಮಧ್ಯಾಹ್ನ ನನ್ನ ನಂಬರಿಗೆ ಬರೂಹಂಗ ಮಾಡ್ರಿ. ಮಗಳು ಮಲಗಿರ್ತಾಳ, ನಾ ಎತ್ತತೀನಿ."

"ಬೆಳಿಗ್ಗಿನದು ನನಗಿರಲಿ," ಎಂದರು ಕಾರವಾರದಿಂದ ಡೆಲ್ಫಿನ್ ಬಾಯಿ. "ಟೀಚರಾಗಿದ್ದವಳು ನಾನು, ಹೆಡ್‌ಮಾಸ್ತರುಗಳ ಜೊತೆ ಮಾತಾಡಿ ಅಭ್ಯಾಸ ಉಂಟು."

ಎಲ್ಲರೂ ನಕ್ಕರು. ಈ ಸಲದ ನಗು ಎರಡೂ ಕಡೆಯಿಂದ ಏಕಕಾಲಕ್ಕೆ ಬಂದು ನನ್ನೊಳಗೆ ಬೆರೆಯಿತು. ಇದಕ್ಕಾಗಿಯೇ ನನ್ನನ್ನು ಮಾಡಿದ್ದಿರಬೇಕು ಅನ್ನಿಸಿತು.

ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತೆಂದು ಹೇಳಲಾರೆ. ಮರೆತು ಮಾತಿನ ಮೇಲೆ ಮಾತು ಹಾಕಿದ ದಿನಗಳೂ ಇದ್ದವು. ಆಗ ಮೇಡಂ ಕೋಲಿನಿಂದ ನೆಲವನ್ನು ಮೆಲ್ಲಗೆ ಕುಟ್ಟುತ್ತಿದ್ದರು. ಕೋಲು ಬಿಟ್ಟ ಮೇಲೆ ಪೆನ್ನಿನಿಂದ ಮೇಜನ್ನು ಕುಟ್ಟುತ್ತಿದ್ದರು. ಸಮಾಜ ವಿಜ್ಞಾನದ ಪಾಠಗಳನ್ನು ಮೆಹಬೂಬ್ ಮತ್ತೆ ಓದಿದರು. ಪ್ರಶ್ನೆಗಳನ್ನು ಓದಿದ ಬೇರೆ ದನಿ ವೀರಣ್ಣನವರದು. ಇಲ್ಲಿ ಇವರು, ಅಲ್ಲಿ ಅವರು, ನಡುವೆ ನಾನು. ಪುಸ್ತಕಗಳೆಲ್ಲ ಶಾಲೆ ತೆರೆಯುವ ಮೊದಲೇ ಹೊರಟವು. ಕೆಲಸ ಬಿಡುವ ಮಾತನ್ನು ಮೆಹಬೂಬ್ ಮತ್ತೆ ಎತ್ತಲಿಲ್ಲ.

ಆ ಬೇಸಿಗೆಯ ಕೊನೆಗೆ ಮೇಡಂ ಎಲ್ಲರನ್ನೂ ಧಾರವಾಡಕ್ಕೆ ಕರೆಸಿದರು. ದನಿಯಲ್ಲೇ ವರ್ಷಗಟ್ಟಲೆ ಬಾಳಿದವರು ಮುಖಾಮುಖಿ ನಿಂತದ್ದನ್ನು ನಾನು ಕಂಡೆ. ಗುಡುಗಿನಂಥ ದನಿಯ ವೀರಣ್ಣ ನೋಡಿದರೆ ಕುಳ್ಳಗೆ, ಸಣ್ಣಗೆ. ಮೆಲುದನಿಯ ಮೆಹಬೂಬ್ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೆಲ್ಫಿನ್ ಬಾಯಿ ಒಣ ಸಿಗಡಿ ಚಟ್ನಿ ತಂದಿದ್ದರು. ಅದನ್ನು ಮುಟ್ಟದವರಿಗೆಂದು ಗೋಡಂಬಿ ಬೇರೆ ತಂದಿದ್ದರು. ವೀರಣ್ಣ ಮೆಹಬೂಬರ ಮಗಳ ಕೈ ಹಿಡಿದು ಪೇಡೆ ಕೊಡಿಸಲು ಹೊರಟರು. ಅಂದು ನನಗೆ ಕೆಲಸವೇ ಇರಲಿಲ್ಲ. ಮೇಜಿನ ಮೇಲೆ ಸುಮ್ಮನೆ ಕೂತಿದ್ದೆ. ಹಾಗೆ ಕೂತದ್ದಕ್ಕೆ ನನಗೆ ಒಂದಿಷ್ಟೂ ದುಃಖವಾಗಲಿಲ್ಲ.

ವರ್ಷಗಳು ಕಳೆದವು. ನನ್ನ ಒಂದು ಕಿವಿ ಕೆಟ್ಟಿತು, ಆಮೇಲೆ ಇನ್ನೊಂದು. ದನಿ ಗೊಗ್ಗರಾಯಿತು. ಮೇಡಂ ಹೊಸ ಯಂತ್ರ ತಂದರು. ಆದರೆ ನನ್ನನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಒರೆಸಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ, ಕಣ್ಣು ಕಾಣದ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿಗೆ ಕೊಟ್ಟರು.

ಈಗ ನಾನಿರುವುದು ಅಲ್ಲಿಯ ಮೇಲ್ವಿಚಾರಕಿಯ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ. ವಾರವಿಡೀ ವಿಶ್ರಾಂತಿ. ಭಾನುವಾರ ಮಧ್ಯಾಹ್ನ ಮೇಲ್ವಿಚಾರಕಿ ತಮ್ಮ ಮೊಬೈಲನ್ನು ನನಗೆ ಜೋಡಿಸುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಊರಿನವರ ಜೊತೆ ಮಾತಾಡುತ್ತಾರೆ. ಎಲ್ಲರ ಮಾತನ್ನೂ ನಾನು ಉಳಿದೊಂದು ಕಿವಿಯಲ್ಲಿ ಜೋಪಾನವಾಗಿ ಎತ್ತಿಕೊಳ್ಳುತ್ತೇನೆ. ಇದ್ದಲ್ಲೇ ಇದ್ದು ಇಷ್ಟೊಂದು ಊರುಗಳ ಸುಖದುಃಖ ಕೇಳುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ನನ್ನನ್ನು ಹಿಡಿದ ಎಲ್ಲ ಕೈಗಳಿಗೂ ನಾನು ಋಣಿ.

ಕಳೆದ ಭಾನುವಾರ ಬಸಲಿಂಗವ್ವ ಎಂಬ ಹುಡುಗಿ ಬಂದಿದ್ದಳು. ಆ ಕಡೆ ಅವಳ ಅಜ್ಜಿ. ಫೋನಿನಲ್ಲಿ ಮಾತಾಡಲು ಅಜ್ಜಿಗೆ ನಾಚಿಕೆ. ಒಂದು ಮಾತೂ ಬರುತ್ತಿರಲಿಲ್ಲ.

"ಲೈನ್ ಕಟ್ಟಾಗಿರಬೇಕವಾ," ಎಂದು ಮೇಲ್ವಿಚಾರಕಿ ಕೈ ಚಾಚಿದರು.

"ಇಲ್ರೀ," ಎಂದಳು ಬಸಲಿಂಗವ್ವ, ನನ್ನ ಜಾಲರಿಯ ಮೇಲೆ ಅಂಗೈ ಇಟ್ಟು. "ಕೈಬಳಿ ಸಪ್ಪಳ ಕೇಳಸ್ತೈತಿ. ಅಜ್ಜಿ ಅಲ್ಲೇ ಅದಾಳ."