ಕುದುರೆ ಲಾಯದಲ್ಲಿ ಆರು ವಾರ

ಔಷಧಿ ಅಂಗಡಿ, ಹೊಲಿಗೆ ಅಂಗಡಿ, ಹಲ್ಲಿನ ಡಾಕ್ಟರು, 'ಇಲ್ಲಿ ವಾಹನ ನಿಲ್ಲಿಸಬಾರದು' — ಯಾರು ಏನು ಹೇಳಿದರೋ ಅದನ್ನೇ, ಅವರು ಕೇಳಿದ ಬಣ್ಣದಲ್ಲೇ ಇಪ್ಪತ್ತೊಂಬತ್ತು ವರ್ಷ ಬರೆದುಕೊಂಡು ಬಂದವಳು ಅವಳು. ಬೀದಿಯವರೆಲ್ಲ ಕರೆಯುತ್ತಿದ್ದದ್ದೇ ಬೋರ್ಡಕ್ಕ ಎಂದು. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಮಾತಾಡುವುದು ತಮ್ಮನ ಕೆಲಸ, ಬ್ರಷ್ ಹಿಡಿಯುವುದು ಅವಳ ಕೆಲಸ.

ಗುಡ್ಡದ ಮೇಲಿನ ಹಳೇ ಕೋಟೆಯೊಂದರಲ್ಲಿ ಕಲಾವಿದರನ್ನು ಆರು ವಾರ ಇಟ್ಟುಕೊಂಡು, ಊಟ ಹಾಕಿ, ಅವರ ಪಾಡಿಗೆ ಅವರನ್ನು ಬಿಡುತ್ತಾರೆಂದು ತಮ್ಮನ ಮಗಳು ಎಲ್ಲೋ ಓದಿದಳು. ಅತ್ತೆಗೆ ಒಂದು ಮಾತೂ ಹೇಳದೆ, ಅವಳು ಬರೆದ ಬೋರ್ಡುಗಳ ಫೋಟೋ ತೆಗೆದು ಅರ್ಜಿ ಹಾಕಿಬಿಟ್ಟಳು. ಆಯ್ಕೆಯ ಪತ್ರ ಬಂದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ತಮ್ಮ.

"ಕಲಾವಿದೆನಾ? ನಾವು ಬೋರ್ಡ್ ಬರೆಯೋರು ಕಣಕ್ಕ. ಅಲ್ಲಿಗೆ ಹೋಗಿ ನಗೆಪಾಟಲಾಗ್ಬೇಡ."

"ಇಲ್ಲಿ ನೀನು ನಗ್ತಾ ಇದ್ದೀಯಲ್ಲ, ಅಲ್ಲೂ ಇನ್ನಿಬ್ಬರು ನಗಲಿ ಬಿಡು," ಎಂದು ಅವಳು ಬ್ರಷ್‌ಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು.

ಬಸ್ಸು ಗುಡ್ಡದ ಬುಡದಲ್ಲೇ ಇಳಿಸಿಹೋಯಿತು. ಅಲ್ಲಿಂದ ಮುಂದೆ ಬರೀ ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಮೇಲೆ ಹತ್ತಿದಾಗ ಏದುಸಿರು. ಅವಳಿಗೆ ಕೊಟ್ಟ ಕೋಣೆ ಹಿಂದೆ ಕುದುರೆ ಲಾಯವಾಗಿತ್ತು. ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆ ಇನ್ನೂ ಇತ್ತು. ಒಂದು ಮಂಚ, ಒಂದು ಮೇಜು, ಒಂದು ಲಾಟೀನು. ಅಲ್ಲಿನ ವ್ಯವಸ್ಥಾಪಕ ಸುಡುಬಿಸಿಲಲ್ಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಓಡಾಡುವ ಮನುಷ್ಯ.

"ಇಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ. ಮುನ್ನೂರು ವರ್ಷದ ಹಿಂದೆ ಹೇಗಿತ್ತೋ ಹಾಗೇ ಉಳಿಸಿದ್ದೀವಿ. ಅದೇ ಒಂದು ಅನುಭವ," ಎಂದ ಅವನು.

ನಮ್ಮ ಮನೇಲಿ ನಲ್ಲಿ ನಿಂತರೆ ಅದಕ್ಕೆ ಯಾರೂ ಅನುಭವ ಅನ್ನಲ್ಲವಲ್ಲ ಎಂದುಕೊಂಡು ಅವಳು ಕೊಡ ಹಿಡಿದು ಕೊಳದ ಕಡೆ ಹೊರಟಳು.

ನಿಜವಾದ ಕಷ್ಟ ನೀರಿನದಲ್ಲ. ಮೊದಲ ನಾಲ್ಕು ದಿನ ಅವಳು ಖಾಲಿ ಹಾಳೆಯ ಮುಂದೆ ಕುಳಿತೇ ಇದ್ದಳು. ಏನು ಬರೆಯಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಹೊರಗೆ ಅಂಗಳದಲ್ಲಿ ಅವಳ ಹಾಗೇ ಆಯ್ಕೆಯಾಗಿ ಬಂದಿದ್ದ ಶಿಲ್ಪಿಯೊಬ್ಬ, ಅರವತ್ತು ದಾಟಿದ ಮುದುಕ, ಬೆಳಗಿನಿಂದ ಟಕಟಕ ಎಂದು ಕಲ್ಲು ಕುಟ್ಟುತ್ತಿದ್ದ. ಆ ಸದ್ದು ಕೇಳಿದಾಗಲೆಲ್ಲ ಅವಳು ಒಣಗಿದ ಬ್ರಷ್ಷನ್ನೇ ಮತ್ತೆ ಒರೆಸುವಳು. ತಮ್ಮ ಹೇಳಿದ್ದೇ ಸರಿಯೇನೋ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಐದನೆಯ ದಿನ ಆ ಮಫ್ಲರ್ ಮನುಷ್ಯ ಒಂದು ಚೀಟಿ ಹಿಡಿದು ಬಂದ. "ನಿಮ್ಮನ್ನೆಲ್ಲ ಆರಿಸಿದ ಸಮಿತಿಯವರು ಮುಂದಿನ ತಿಂಗಳು ನೋಡೋಕೆ ಬರ್ತಾರೆ. ಹನ್ನೊಂದು ಬೋರ್ಡ್ ಆಗ್ಬೇಕು. ಊಟದ ಮನೆ, ಶೌಚಾಲಯ, ಗೋಡೆ ಮುಟ್ಟಬೇಡಿ... ನಿಮಗೆ ನೀರು ಕುಡಿದಷ್ಟು ಸುಲಭ ಅಲ್ವಾ?"

ಅವಳಿಗೆ ಹೋದ ಜೀವ ಬಂದಂತಾಯಿತು. ಯಾರೋ ಏನೋ ಹೇಳಿದರಲ್ಲ! ಬಣ್ಣ ಕಲಸಿ, ಮಧ್ಯಾಹ್ನದೊಳಗೆ 'ಶೌಚಾಲಯ' ಮುಗಿಸಿ, ಕೆಳಗೊಂದು ಬಾಣವನ್ನೂ ಎಳೆದಳು. ಮಫ್ಲರ್ ನೋಡಿ ತಲೆದೂಗಿದ. ಎರಡನೆಯ ಹಲಗೆ ಎತ್ತಿಕೊಳ್ಳುವಾಗ ಅವಳಿಗೆ ಏನೋ ಹೊಳೆಯಿತು.

"ಬಾಗಿಲ ಹತ್ತಿರ ಮೆಟ್ಟಿಲು ಒಡೆದಿದೆಯಲ್ಲ ಸಾರ್, ಅದನ್ನ ಶಿಲ್ಪಿಗಳ ಹತ್ತಿರ ಮಾಡಿಸ್ತೀರಾ?"

ಅವನು ನಕ್ಕುಬಿಟ್ಟ. "ಛೆ, ಅವರು ಕಲಾವಿದರು. ಅವರಿಗೆಲ್ಲಾದ್ರೂ..."

ಬೋರ್ಡಕ್ಕ ಹಲಗೆಯನ್ನು ಕೆಳಗಿಟ್ಟಳು. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ನಿಧಾನವಾಗಿ ಒರೆಸಿದಳು.

"ಇನ್ನು ಹತ್ತು ನಾನು ಬರೆಯಲ್ಲ ಸಾರ್."

"ಕೋಪ ಮಾಡ್ಕೋಬೇಡಿ. ಮತ್ತೆ ಸಮಿತಿಯವರಿಗೆ ನಿಮ್ಮದು ಅಂತ ಏನು ತೋರಿಸ್ಲಿ? ಇಷ್ಟು ದಿನದಲ್ಲಿ ಏನೂ ಮಾಡಿಲ್ಲ ನೀವು."

"ಅದು ನನ್ನ ತಲೆನೋವು."

ಆ ಸಂಜೆ ಅವಳು ಶಿಲ್ಪಿಯ ಹತ್ತಿರ ಹೋಗಿ, ಕಲ್ಲು ಬಂದಿದ್ದ ಪೆಟ್ಟಿಗೆಗಳ ಹಲಗೆ ಕೊಡುತ್ತೀರಾ ಎಂದು ಕೇಳಿದಳು. ಮುದುಕ ಯಾಕೆ ಏನು ಎನ್ನದೆ ಮೊಳೆ ಕಿತ್ತು ಕೊಟ್ಟ. ಜೋಡಿಸಿದರೆ ಒಂಬತ್ತು ಅಡಿ ಉದ್ದ, ಆಳೆತ್ತರ. ಉಜ್ಜಿ, ಬಿಳಿ ಬಣ್ಣದ ಎರಡು ಕೈ ಕೊಟ್ಟು, ಇದ್ದಿಲು ಸವರಿದ ದಾರ ಚಿಮ್ಮಿಸಿ ಗೆರೆ ಹಾಕಿಕೊಂಡಳು. ಏನು ಬರೆಯಬೇಕೆಂಬುದು ಈಗ ಗೊತ್ತಿತ್ತು. 'ದುಡ್ಡು ಆಮೇಲೆ, ಬೋರ್ಡು ನಾಳೆ ಬೆಳಗ್ಗೆಯೇ ಬೇಕು' ಎಂದವರಿಗೆ, 'ಅಂಗಡಿ ನೋಡ್ಕೊಂಡಿರು, ನಿನಗ್ಯಾಕೆ ಮದುವೆ' ಎಂದವರಿಗೆ, ಎಲ್ಲರಿಗೂ ಹೇಳಬೇಕೆಂದು ಬಾಯಿತನಕ ಬಂದು ಹಿಂದಕ್ಕೆ ಹೋಗಿದ್ದ ಒಂದೇ ಮಾತು: ಒಲ್ಲೆ.

ಎರಡೇ ಅಕ್ಷರ, ಹದಿನೆಂಟು ದಿನ. 'ಒ'ದ ಹೊಟ್ಟೆ ಸಾಲದೆಂದು ಮೂರು ಸಲ ಅಳಿಸಿದಳು. ಕೆಂಪು ಒಣಗುವ ಮೊದಲೇ ಅಂಚಿಗೆ ಕಪ್ಪು ಕೊಟ್ಟು ಕೆಡಿಸಿಕೊಂಡು, ತನ್ನನ್ನೇ ಬೈದುಕೊಂಡು, ಮತ್ತೆ ಉಜ್ಜಿದಳು. ಊಟದ ಗಂಟೆ ಹೊಡೆದದ್ದು ಎಷ್ಟೋ ದಿನ ಕಿವಿಗೇ ಬೀಳಲಿಲ್ಲ.

ಸಮಿತಿಯವರು ಬಂದ ಬೆಳಗ್ಗೆ ಅವಳು ಕೊಳದಿಂದ ಬರುವಷ್ಟರಲ್ಲಿ ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಮಫ್ಲರ್ ಆಳು ಹಚ್ಚಿ ಮಾಡಿಸಿದ ಕೆಲಸ. ಮುಂದೆ 'ಶೌಚಾಲಯ'ವನ್ನು ಅಂದವಾಗಿ ಇಟ್ಟಿದ್ದ. ಆರು ಜನ ಸಮಿತಿಯವರು ಅದರ ಮುಂದೆ ನಿಂತು, ಎಷ್ಟು ಮುದ್ದಾದ ಅಕ್ಷರ ಎನ್ನುತ್ತಿದ್ದರು.

"ಸ್ವಲ್ಪ ದಾರಿ ಬಿಡಿ," ಎಂದಳು ಬೋರ್ಡಕ್ಕ. ಕೊಡ ಇಳಿಸಿ, ಸೆರಗು ಸಿಕ್ಕಿಸಿ, ಹಲಗೆಯ ಒಂದು ತುದಿ ಹಿಡಿದಳು. ಭಾರಕ್ಕೆ ಅಲುಗಲಿಲ್ಲ. ಮಫ್ಲರ್ ಅಡ್ಡ ಬಂದ. "ಇದೆಲ್ಲ ಈಗ ಬೇಡ, ದಯವಿಟ್ಟು."

"ನನ್ನ ಕೆಲಸದ ಬೆನ್ನು ತೋರಿಸೋಕೆ ನಾನು ಇಷ್ಟು ದೂರ ಬಂದಿಲ್ಲ."

ಇನ್ನೊಂದು ತುದಿಗೆ ಶಿಲ್ಪಿ ಕೈ ಹಾಕಿದ. ಇಬ್ಬರೂ ಸೇರಿ ತಿರುಗಿಸಿದರು. ಲಾಯದ ಕಪ್ಪು ಕಲ್ಲಿನೆದುರು ಆ ಕೆಂಪು ಅಕ್ಷರಗಳು ಎದ್ದು ನಿಂತವು. ಒಬ್ಬರು ಗಡಿಯಾರ ನೋಡಿಕೊಂಡರು, ಇಬ್ಬರು ಹೊರಟುಹೋದರು. ಕೋಲು ಹಿಡಿದಿದ್ದ ಹಿರಿಯ ಹೆಂಗಸೊಬ್ಬಳು ಮಾತ್ರ ಹತ್ತಿರ ಬಂದು, "ಯಾರು ಬರೆಸಿದ್ದಮ್ಮ ಇದನ್ನ?" ಎಂದು ಕೇಳಿದಳು.

"ಯಾರೂ ಬರೆಸಿಲ್ಲಮ್ಮ. ನಾನೇ ಬರೆದೆ."

ಆಕೆ ಕೋಲೂರಿಕೊಂಡು, ಆ ಎರಡಕ್ಷರವನ್ನು ಬಾಯಿಬಿಟ್ಟು ಓದಿದಳು.

ಮಧ್ಯಾಹ್ನ ತಮ್ಮ ಮೆಟ್ಟಿಲು ಹತ್ತಿ ಬಂದ, ಬೆವರಿ ಒದ್ದೆಮುದ್ದೆ. ಹೊಸ ಹೋಟೆಲಿನವರು ಒಳಗೆ ಹೊರಗೆ ಎಲ್ಲ ಕೈಬರಹವೇ ಬೇಕೆಂದಿದ್ದರಂತೆ. "ಹೊರಡಕ್ಕ. ನಾಳೆಯೇ ಶುರು ಮಾಡ್ಬೇಕು."

"ಕರ್ಕೊಂಡು ಹೋಗಿ," ಎಂದ ಬಾಗಿಲಲ್ಲಿದ್ದ ಮಫ್ಲರ್. "ಇವರ ಅವಧಿ ಮುಗಿದ ಹಾಗೇ."

"ಇನ್ನೂ ಹನ್ನೊಂದು ದಿನ ಇದೆ," ಎಂದಳು ಅವಳು ಅವನಿಗೆ. ತಮ್ಮನ ಕಡೆ ತಿರುಗಿದಳು. "ಹೋಟೆಲಿನವರು ಕಾಯಲಿ. ಕಾಯದಿದ್ರೆ ನೀನೇ ಬರಿ. ಅಪ್ಪ ನಿನಗೂ ಕಲಿಸಿದ್ದಾರೆ."

ಆಗ ತಮ್ಮನ ಕಣ್ಣು ಬೋರ್ಡಿನ ಮೇಲೆ ಬಿತ್ತು. ಕೋಪ ಮರೆತು ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ, ಗೆರೆಯ ನೇರ ನೋಡಿದ.

"ಒತ್ತಿನ ಬಾಲ ಉದ್ದ ಆಯ್ತಲ್ಲಕ್ಕ. ಚೌಕಟ್ಟು ದಾಟಿದೆ."

"ಬೇಕೂಂತಲೇ ಬಿಟ್ಟಿದ್ದು ಕಣೋ," ಎಂದಳು ಅವಳು. "ಕೂತ್ಕೋ, ಟೀ ಮಾಡ್ತೀನಿ. ಕತ್ತಲಾಗೋ ಮುಂಚೆ ಇಳಿದುಬಿಡು, ಮೆಟ್ಟಿಲು ಸರಿಯಿಲ್ಲ."